ನಾಲಿಗೆಗೆ ಅಂಟುವ ಕಲ್ಲು

ಕಲ್ಲನ್ನು ಬೆಳಕು ತೂರುವಷ್ಟು ತೆಳ್ಳಗೆ ಅರೆಯುವುದು ಅವನ ಕೆಲಸ. ಭೂವಿಜ್ಞಾನ ಕಚೇರಿಯ ಹಿಂಬದಿಯ ಕೋಣೆಯಲ್ಲಿ ಒಂದು ಗರಗಸ, ಅರೆಯುವ ಪುಡಿ, ಎದುರುಬದುರು ಕೂತು ಇಬ್ಬರು ಒಟ್ಟಿಗೆ ನೋಡಬಹುದಾದ ಮೈಕ್ರೋಸ್ಕೋಪು. ಎದುರಿನ ಸ್ಟೂಲು ಅಣ್ಣನದು.

ಅಣ್ಣ ನೆಲ ಕೊರೆಯುವ ಯಂತ್ರದವನು. ಊರಿಗೆ ಬಂದಾಗಲೆಲ್ಲ ನೇರ ಈ ಕೋಣೆಗೇ ಬರುತ್ತಿದ್ದ.

"ಅರೆದೂ ಅರೆದೂ ಏನೋ ಕಟ್ಕೊಂಡೆ ತಮ್ಮಾ? ಇಷ್ಟು ಹಿಟ್ಟು ಬೀಸಿದ್ರೆ ಊರಿಗೇ ಊಟ ಹಾಕ್ಬಹುದಿತ್ತು!"

ಕೊನೆಯ ಸಲ ಬಂದಾಗ ಜೇಬಿನಿಂದ ಹೆಬ್ಬೆರಳಿನಷ್ಟು ಮಾಸಲು ಬಿಳಿಯ ಕಲ್ಲು ತೆಗೆದ. ಚಕಮಕಿ ಕಲ್ಲಿನಂತೆ ಗಟ್ಟಿ, ಆದರೆ ಹೊಳಪಿಲ್ಲ. ಮೆರುಗು ಕೊಡದ ಪಿಂಗಾಣಿಯ ಹಾಗೆ. ಅದನ್ನು ನಾಲಿಗೆಗೆ ಒತ್ತಿ ಕೈಬಿಟ್ಟ. ಕಲ್ಲು ಅಲ್ಲೇ ನೇತಾಡಿತು. ಚಕಮಕಿಯಾದರೆ ಬಿದ್ದುಹೋಗುತ್ತಿತ್ತು, ಇದರೊಳಗಿನ ಕಾಣದ ರಂಧ್ರಗಳು ತೇವ ಹೀರಿ ಹಿಡಿದುಕೊಳ್ಳುತ್ತವೆ.

"ಹಳೇ ಕಡಲಿನ ತಳವಂತೆ," ಅಂದ ಅಣ್ಣ, ಕಲ್ಲು ಕಿತ್ತುಕೊಂಡು. "ಒಳಗೆ ಚಿಪ್ಪಿನ ಹುಳ ಇರ್ತಾವಂತೆ. ಅರೆದು ತೋರ್ಸೋ."

"ಮುಂದಿನ ಸಲ ಬಾ ಅಣ್ಣ. ಈಗ ಕೈತುಂಬ ಕೆಲಸ."

ಮುಂದಿನ ಸಲ ಬಂದದ್ದು ಅಣ್ಣನ ಸಾವಿನ ಸುದ್ದಿ.

ವರ್ಷ ಕಳೆದ ಮೇಲೆ, ಎಲ್ಲರೂ ಮನೆಗೆ ಹೋದ ಒಂದು ಸಂಜೆ, ಅವನು ಅಣ್ಣ ಬಿಟ್ಟುಹೋಗಿದ್ದ ಆ ಕಲ್ಲನ್ನು ಗರಗಸಕ್ಕೆ ಕೊಟ್ಟ. ಚೂರುಚೂರಾಗಿ ಸಿಡಿದು ಒಂದೇ ಒಂದು ಬಿಲ್ಲೆ ನೆಟ್ಟಗೆ ಉಳಿಯಿತು. ಅದನ್ನು ಗಾಜಿಗೆ ಅಂಟಿಸಿ ಅರೆಯತೊಡಗಿದ. ಇದು ಕೆಟ್ಟರೆ ಅಣ್ಣನ ಮಾತು ನಡೆಸುವ ದಾರಿಯಿಲ್ಲ.

ಅವನ ಅಳತೆಗೋಲು ಬಣ್ಣ. ಮೈಕ್ರೋಸ್ಕೋಪಿನ ಎರಡು ಪೋಲರಾಯ್ಡ್ ಗಾಜುಗಳ ನಡುವೆ ಇಟ್ಟರೆ ದಪ್ಪ ಬಿಲ್ಲೆಯಲ್ಲಿನ ಬೆಣಚಿನ ಹರಳು ಹಳದಿಯಾಗಿ ಕಾಣುತ್ತದೆ; ಬೂದು ಬಣ್ಣಕ್ಕೆ ತಿರುಗಿದೊಡನೆ ಕೈ ನಿಲ್ಲಿಸಬೇಕು. ಇದು ತಿರುಗಲೇ ಇಲ್ಲ. ಬರೀ ಕಪ್ಪು. ಇನ್ನೂ ದಪ್ಪವಿರಬೇಕೆಂದು ಅರೆದ. ಆಗಲೂ ಕಪ್ಪು. ಮತ್ತೆ ಅರೆದ. ಬೆರಳಿನಡಿ ಗಾಜೇ ಕಿರುಗುಟ್ಟಿದಾಗ ಕೈ ತೆಗೆದ. ಇಂಥ ಕಲ್ಲಿನ ಸಿಲಿಕ ಪೂರ್ತಿ ಬೆಣಚಿನ ಹರಳಾಗಿರುವುದಿಲ್ಲ. ಎಷ್ಟು ಸವೆಸಿದರೂ ಬಣ್ಣ ತೋರುವುದಿಲ್ಲ. ಗೊತ್ತಿದ್ದ ಮಾತೇ. ಕೈಯ ರೂಢಿ ಮರೆಸಿತ್ತು.

ಗಾಜು ಬಹುಪಾಲು ಬರಿದಾಗಿತ್ತು. ಒಂದು ಮೂಲೆಯಲ್ಲಿ ಮಾತ್ರ ಉಗುರಿನ ಚೂರಿನಷ್ಟು ಕಲ್ಲು. ಪೋಲರಾಯ್ಡ್ ಸರಿಸಿ ಬರಿಯ ಬೆಳಕಿನಲ್ಲಿ ನೋಡಿದ. ಮಸುಕಿನ ನಡುವೆ ಒಂದು ದುಂಡನೆಯ ಚಿಪ್ಪಿನ ಅಚ್ಚು, ಜರಡಿಯಂತೆ ತೂತು ತೂತು.

"ಒಂದು ಸಿಕ್ತು, ಅಣ್ಣ," ಎಂದ.

ಎದುರು ಬದಿಯ ಮಸೂರದ ಧೂಳನ್ನು ಅಂಗಿಯ ಅಂಚಿನಿಂದ ಒರೆಸಿದ. ಆಮೇಲೆ ಎದ್ದು ಹೋಗಿ ಆ ಸ್ಟೂಲಿನ ಮೇಲೆ ಕೂತು, ಅಲ್ಲಿಂದಲೂ ಒಮ್ಮೆ ನೋಡಿದ.