ಮಚ್ಚು ಎರಡು ಕುಡುಗೋಲಾದ ಬೆಳಿಗ್ಗೆ

ನವೆಂಬರ್ 24, ಸೋಮವಾರ, ಬೆಳಿಗ್ಗೆ 9.40. ಶಿರಾದ ಕುಲುಮೆಯೊಂದರಲ್ಲಿ ನಮ್ಮ ಮನೆಯ ಕುಡುಗೋಲು ಹರಿತ ಮಾಡಿಸಲು ಕಾಯುತ್ತಿದ್ದೆ. ಐವತ್ತರ ಆಸುಪಾಸಿನ ರೈತರೊಬ್ಬರು ಬಂದು, ಗೋಣಿಚೀಲದಿಂದ ಉದ್ದನೆಯ ಮಚ್ಚೊಂದನ್ನು ತೆಗೆದು ಕುಲುಮೆಯ ಸಾಬರ ಮುಂದಿಟ್ಟರು.

"ಇದನ್ನ ಎಲ್ಡು ಕುಡ್ಲು ಮಾಡ್ಕೊಡಿ ಸಾಬ್ರೆ."

"ಹೊಸಾ ಮಚ್ಚು ಕಣಣ್ಣ! ಎಳನೀರು ಕೊಚ್ಚಕ್ಕಾದ್ರೂ ಇಟ್ಕಬಾರ್ದಾ?" ಎಂದು ಸಾಬರು ನಕ್ಕರು.

ರೈತರು ನಗಲಿಲ್ಲ. ಹೊಲದ ಬದುವಿನ ಜಗಳದಲ್ಲಿ ಅಣ್ಣನೊಂದಿಗೆ ಮಾತು ಬಿಟ್ಟಾಗಿನಿಂದ ಆ ಮಚ್ಚನ್ನು ಮಂಚದಡಿ ಇಟ್ಟುಕೊಂಡೇ ಮಲಗುತ್ತಿದ್ದರಂತೆ.

"ನೆನ್ನೆ ಚರ್ಚಲ್ಲಿ ಬೈಬಲಿನ ಪ್ರವಾದಿ ಮಾತು ಓದಿದ್ರು. ಜನ ಕತ್ತೀನೆಲ್ಲ ಬಡಿದು ನೇಗಿಲ ಗುಳ ಮಾಡ್ಕಳೋ ಕಾಲ ಬತ್ತದಂತೆ. ಕೇಳಿ ಎದೆ ಹಗುರಾಯ್ತು. ಆದ್ರೆ ಬರ್ಲಿ ಅಂತ ಕಾಯ್ಕಂಡು ಕುಂತ್ರೆ ಹೆಂಗೆ? ಮಚ್ಚು ನಮ್ಮನೇಲೇ ಅದೆಯಲ್ಲ!"

"ಎರಡು ಕುಡುಗೋಲು ಯಾಕಣ್ಣ?" ಎಂದೆ.

"ಒಂದು ನಂಗೆ, ಒಂದು ನಮ್ಮಣ್ಣಂಗೆ ಕಣಮ್ಮ. ನಾಳೆ ಅವನ ಹೊಲದಲ್ಲಿ ರಾಗಿ ಕುಯ್ಲು. ಮೊದ್ಲು ಒಬ್ರ ಹೊಲಕ್ಕೆ ಒಬ್ರು ಮುಯ್ಯಾಳಾಗಿ ಹೋಗ್ತಿದ್ವಿ. ಈ ಸಲ ಕರೀದಿದ್ರೂ ಹೋಗ್ಬುಡ್ತೀನಿ."

ಸಾಬರು ಮಚ್ಚನ್ನು ಕೆಂಡದೊಳಗೆ ತಳ್ಳಿದರು.

ಪ್ರವಾದಿಯ ಮಾತೆಂದರೆ ಎಂದೋ ಬರಲಿರುವ ದಿನದ ಸುದ್ದಿ ಎಂದುಕೊಂಡಿದ್ದೆ. ಅದು ಸೋಮವಾರ ಬೆಳಿಗ್ಗೆ ಒಬ್ಬ ಮನುಷ್ಯನನ್ನು ಕುಲುಮೆಯವರೆಗೂ ನಡೆಸಿಕೊಂಡು ಬರಬಲ್ಲದು ಎಂದು ತಿಳಿದಿರಲಿಲ್ಲ. ನನ್ನ ಡೈರಿಯ ಮಂಗಳವಾರದ ಪುಟದಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಆ ಎರಡನೆಯ ಕುಡುಗೋಲನ್ನು ಆ ರೈತರ ಅಣ್ಣ ಕೈಗೆ ತೆಗೆದುಕೊಂಡರೇ? ಬಲ್ಲವರು ದಯವಿಟ್ಟು ಬರೆದು ತಿಳಿಸಿ.