ಜಾಣೆ ಎಂದ ಟೇಪ್ ರೆಕಾರ್ಡರ್

“ಗಿಡ ನೀರು ಕುಡಿಯುವುದು ಯಾವುದರಿಂದ?” ಎಂದು ಟೇಪ್ ರೆಕಾರ್ಡರ್ ಕೇಳಿತು. ನಾನು ಕೊನೆ ಬೆಂಚಿನ ಬಿಂದುವಿನ ಕಡೆ ಬೆರಳು ತೋರಿಸಿದೆ. ಅವಳು ಎದ್ದು ನಿಂತು, “ಅರಿಯಿಲ್ಲ ಟೀಚರೇ,” ಎಂದಳು, ಅಂದರೆ ಗೊತ್ತಿಲ್ಲ. ತಕ್ಷಣ ಟೇಪ್ ರೆಕಾರ್ಡರ್ ನನ್ನದೇ ದನಿಯಲ್ಲಿ, “ಮಿಡುಕ್ಕಿ! ಎಂಥ ಜಾಣೆ ನೀನು!” ಎಂದಿತು.

ತೊಂಬತ್ತರ ದಶಕದ ಮಾತು. ನಾನಿನ್ನೂ ತಿರುವನಂತಪುರದಲ್ಲಿ ಶಿಕ್ಷಕಿಯಾಗಲು ತರಬೇತಿ ಪಡೆಯುತ್ತಿದ್ದೆ. ಪಾಠಕ್ಕೆ ಯಾವುದಾದರೂ ಯಂತ್ರ ಬಳಸಿದರೆ ಹೆಚ್ಚು ಅಂಕ ಎಂದಿದ್ದರು ನಮ್ಮ ಮೇಡಂ. ನನ್ನ ಮೈಸೂರು ಮಲಯಾಳಂ ಕೇಳಿದರೆ ಮೂರನೇ ತರಗತಿಯ ಹುಡುಗಿಯರು ನಗುತ್ತಿದ್ದರು. ಅದಕ್ಕೇ ನಾನು ಚೇಚಿ ಎನ್ನುತ್ತಿದ್ದ ಪಕ್ಕದ ಮನೆ ಅಕ್ಕನಿಂದ ತಿದ್ದಿಸಿಕೊಂಡು, ಇಡೀ ಪಾಠವನ್ನು ಕ್ಯಾಸೆಟ್ಟಿಗೆ ತುಂಬಿಸಿದ್ದೆ. ಮೊದಲು ಪ್ರಶ್ನೆ, ಉತ್ತರಕ್ಕೆ ಸ್ವಲ್ಪ ಮೌನ, ಆಮೇಲೆ ಹೊಗಳಿಕೆ. ಉತ್ತರ ಬಾರದ ಮಕ್ಕಳೂ ಇರುತ್ತಾರೆ ಎಂಬುದು ಈ ಮಹಾ ಬುದ್ಧಿವಂತೆಗೆ ಹೊಳೆದೇ ಇರಲಿಲ್ಲ!

ತರಗತಿ ಗೊಳ್ಳೆಂದಿತು. ಅಂಕ ಹಾಕಲು ಹಿಂದೆ ಕೂತಿದ್ದ ಮೇಡಂ ಪೆನ್ನು ಕೆಳಗಿಟ್ಟರು. ನಾನು ಗಾಬರಿಯಲ್ಲಿ ಯಾವುದೋ ಗುಂಡಿ ಒತ್ತಿದೆ. ಕ್ಯಾಸೆಟ್ ಹಿಂದಕ್ಕೆ ಓಡಿ, ಅದೇ ಹೊಗಳಿಕೆಯನ್ನು ಇನ್ನೊಮ್ಮೆ ಹೇಳಿತು. ಬಿಂದು ಮಾತ್ರ ನಗಲಿಲ್ಲ. ಮುಖ ಅರಳಿಸಿಕೊಂಡು ಆ ಪೆಟ್ಟಿಗೆಯನ್ನೇ ನೋಡುತ್ತಾ ಕೂತಳು. ಆ ಶಾಲೆಗೆ ಬಂದ ಎರಡು ವಾರದಲ್ಲಿ ನಾನು ಅವಳಿಗೆ ಒಂದೇ ಒಂದು ಒಳ್ಳೆಯ ಮಾತು ಆಡಿರಲಿಲ್ಲ.

ಅಂಕ ಎಷ್ಟು ಬಂತೆಂದು ದಯವಿಟ್ಟು ಕೇಳಬೇಡಿ. ಮರುದಿನ ಬರಿಗೈಲಿ ತರಗತಿಗೆ ಹೋದಾಗ, ಬಿಂದು ಖಾಲಿ ಮೇಜು ನೋಡಿ ಮೆಲ್ಲಗೆ ಕೇಳಿದ್ದು ಮಾತ್ರ ಇಂದಿಗೂ ಕಿವಿಯಲ್ಲಿದೆ: “ನಿನ್ನೆಯ ಒಳ್ಳೆ ಟೀಚರ್ ಇವತ್ತು ಬರಲ್ವಾ?”