ಗೇರ್‌ಬಾಕ್ಸಿಗೆ ಹೆಗಲು ಕೊಟ್ಟ ದಿನ

ನನ್ನ ಮೊಮ್ಮಗಳಿಗೆ ಎಸ್ಟೇಟಿನ ಗ್ಯಾರೇಜಿನಲ್ಲಿ ಕೆಲಸ ಸಿಕ್ಕಿತು! ಅಲ್ಲಿಯವರೆಗೆ ಬಾಳೂರಿನ ಸುತ್ತಮುತ್ತ ಸ್ಪ್ಯಾನರ್ ಹಿಡಿದ ಹೆಣ್ಣನ್ನು ನಾನಂತೂ ಕಂಡವಳಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಐಟಿಐ ಮುಗಿಸಿ ಬಂದವಳನ್ನು ಎಸ್ಟೇಟಿನ ಸಾಹುಕಾರರು ಪರೀಕ್ಷೆಗೆ ಹಚ್ಚಿದರು. ಅವರ ತಂದೆಯ ಕಾಲದ ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಸೀಟು, ತಲೆಯ ಮೇಲೆ ಬರೀ ಆಕಾಶ. ಗೇರ್‌ಬಾಕ್ಸ್ ತೆಗೆದು, ಕ್ಲಚ್ ಪ್ಲೇಟ್ ಬದಲಿಸಿ, ಮತ್ತೆ ಕೂರಿಸಿ, ಶನಿವಾರ ಸಂಜೆಯೊಳಗೆ ಓಡುವಂತೆ ಮಾಡಬೇಕು. ಇಲ್ಲದಿದ್ದರೆ ಕೆಲಸ ಮೂಡಿಗೆರೆಯ ಮೆಕ್ಯಾನಿಕ್‌ಗೆ.

ನಮ್ಮ ಯಜಮಾನರು ಮೂವತ್ತು ವರ್ಷ ಎಸ್ಟೇಟ್ ಜೀಪು ಓಡಿಸಿದವರು. ಜೀಪಿನ ಗೇರ್‌ಬಾಕ್ಸ್ ಕೆಳಗಿನಿಂದ ಇಳಿಯುತ್ತದೆ; ಹಾಗಾಗಿ ಲೋಕದ ಗೇರ್‌ಬಾಕ್ಸೆಲ್ಲ ಕೆಳಗಿನಿಂದಲೇ ಇಳಿಯಬೇಕು! ಗೋಣಿಚೀಲ ಹಾಸಿಕೊಂಡು ಕಾರಿನಡಿ ಸೇರಿದವರು ಮಧ್ಯಾಹ್ನವಾದರೂ ಹೊರಗೆ ಬರಲಿಲ್ಲ.

“ಅಜ್ಜ, ಇದು ಒಳಗಿಂದ ಮೇಲಕ್ಕೆ ಬರೂದು. ಸೀಟು ತೆಗ್ದಾಯ್ತು, ಏಳಿ.”

“ನೀ ಹುಟ್ಟೋ ಮೊದ್ಲೇ ನಾ ಗೇರ್‌ಬಾಕ್ಸ್ ಇಳ್ಸಿದೋನು.”

“ಗೊರಕೆ ಹೊಡ್ಕೊಂಡೇ ಇಳಿಸ್ತಿದ್ರಾ?” ಎಂದೆ. ಎದ್ದರು.

ಎತ್ತಲು ಚೈನ್ ಪುಲ್ಲಿ ಇರಲಿಲ್ಲ. ತೋಟದಲ್ಲಿ ಮರದ ದಿಮ್ಮಿ ಹೊರುವ ಹಾಗೆ ಹಗ್ಗ ಬಿಗಿದು, ಬೊಂಬು ತೂರಿಸಿ, ಕಾರಿನ ಆ ಕಡೆ ಅವರು, ಈ ಕಡೆ ನಾನು ಹೆಗಲು ಕೊಟ್ಟೆವು. ತೆಗೆಯುವುದೇನೋ ಸಲೀಸಾಯಿತು; ಕ್ಲಚ್ ಪ್ಲೇಟನ್ನೂ ಅವಳು ಬದಲಿಸಿದಳು. ಶನಿವಾರ ಕೂರಿಸಲು ಹೋದರೆ ಗೇರ್‌ಬಾಕ್ಸಿನ ಬೋಲ್ಟಿನ ತೂತುಗಳು ಇಂಜಿನ್ನಿನ ತೂತುಗಳಿಗೆ ಸೇರಲೊಲ್ಲವು. ಮೂರು ಸಲ ಎತ್ತಿದೆವು, ಮೂರು ಸಲ ಇಳಿಸಿದೆವು. ಸಾಹುಕಾರರು ಬರುವ ಹೊತ್ತಾಗಿತ್ತು. ಹುಡುಗಿ ಕಾರಿನೊಳಗೆ ಮುದುರಿ ಕೂತು ತೂತುಗಳನ್ನೇ ಮತ್ತೆ ಮತ್ತೆ ಇಣುಕಿ ನೋಡುತ್ತಿದ್ದಳು.

ಆಮೇಲೆ ಕಣ್ಣಿಗೆ ಬಿತ್ತು: ಅವರು ತೆಂಗಿನಮರ, ನಾನು ಕಾಫಿ ಗಿಡ. ಬೊಂಬು ನನ್ನ ಕಡೆ ವಾಲಿ, ಗೇರ್‌ಬಾಕ್ಸೂ ಓರೆಯಾಗಿತ್ತು.

“ಅಜ್ಜ, ಸ್ವಲ್ಪ ಬಗ್ಗಿ,” ಎಂದಳು.

“ಬಗ್ಗಿದ್ರೆ ಮತ್ತೆ ಏಳ್ಳಿಕ್ಕಾಗೂದಿಲ್ಲ ಮಗಾ.”

ನಾನೇ ಎರಡು ಮರದ ಪೆಟ್ಟಿಗೆ ಒಂದರ ಮೇಲೊಂದಿಟ್ಟು ಹತ್ತಿ ನಿಂತೆ. ಮದುವೆಯಾದಾಗಿನಿಂದ ಮೊದಲ ಸಲ ಅವರ ಮುಖ ನನ್ನ ಮುಖದ ನೇರಕ್ಕೆ ಬಂತು.

“ಎಂಥ ನೋಡ್ತಿ ಮಾರಾಯ್ತಿ?”

“ನಿಮ್ಮ ಮೀಸೆ ಒಂದ್ಕಡೆ ಗಿಡ್ಡ ಉಂಟು. ಇಷ್ಟು ವರ್ಷ ಗೊತ್ತೇ ಆಗ್ಲಿಲ್ಲ.”

“ನಗಾಡ್ಬೇಡಿ, ಅಲ್ಲಾಡ್ತದೆ!” ಎಂದು ಮೊಮ್ಮಗಳು ಒಳಗಿಂದ ಕೂಗಿದಳು. ಗೇರ್‌ಬಾಕ್ಸಿನ ಹಿಂದಿನ ತುದಿಯನ್ನು ಕೈಯಿಂದ ಒಂಚೂರು ತಿರುಗಿಸಿ ಮುಂದಕ್ಕೆ ನೂಕಿದಳು. ಟಕ್ ಎಂದು ಹೋಗಿ ಕೂತಿತು.

ಅವಳು ಬೋಲ್ಟು ಬಿಗಿದು ಸೀಟು ಹಾಕುವಷ್ಟರಲ್ಲಿ ಸಾಹುಕಾರರು ಬಂದು, ಕಾರನ್ನು ತಿರುವಿನವರೆಗೆ ಓಡಿಸಿಕೊಂಡು ಹೋಗಿ ಬಂದರು. ಎಲ್ಲ ಗೇರೂ ಬಿತ್ತು. “ಸೋಮವಾರದಿಂದ ಬಾಮ್ಮ,” ಎಂದರು. ನಾನು ಪೆಟ್ಟಿಗೆಯ ಮೇಲೇ ಕೂತು ಅತ್ತುಬಿಟ್ಟೆ.

ಆ ಸಂಜೆ ಮಗ, ಸೊಸೆ, ನಾವೆಲ್ಲ ಒಟ್ಟಿಗೆ ಕೂತು ಕಡುಬು, ಕೋಳಿ ಸಾರು ಉಂಡೆವು. ಕೋಳಿಕಾಲನ್ನು ಯಾರಿಗೂ ಬಿಟ್ಟುಕೊಡದ ನಮ್ಮ ಯಜಮಾನರು ತಮ್ಮ ತಟ್ಟೆಯದನ್ನೇ ತೆಗೆದು ಮೊಮ್ಮಗಳಿಗೆ ಬಡಿಸಿ, “ತಿನ್ನಿ, ಮೇಸ್ತ್ರಿಗಳೇ,” ಎಂದರು.